ಲೈಟ್ ರೈಲಿಗೆ ಮೂರು ಸ್ಟಾಪು ಜಾಸ್ತಿ ಹಾಕಿಸೋಕೆ ನಾವು ಪಟ್ಟ ಪಾಡು

ಮೊದಲನೇ ಮೀಟಿಂಗಿಗೆ 60 ಚೇರ್ ಹಾಕ್ಸಿದ್ದೆ, ಬಂದಿದ್ದು 9 ಜನ, ಅದ್ರಲ್ಲೂ 4 ಜನ ಪ್ರಾಜೆಕ್ಟಿನವರೇ. ಬಿಸ್ಕತ್ತೆಲ್ಲ ಉಳೀತು, ಮನೆಗೆ ತಂದು ವಾರ ಪೂರ್ತಿ ತಿಂದ್ವಿ.

ಇದು 2008ರ ಮಾತು. ಊರು ಅಮೆರಿಕದ ಮಿನೆಸೋಟದ ಸೇಂಟ್ ಪಾಲ್. ನಾನು ತಿಪಟೂರಿನವಳು, ಯಜಮಾನ್ರ ಕೆಲಸದ ಹಿಂದೆ ಅಲ್ಲಿಗೆ ಹೋದವಳು, ಒಂದು ಸಣ್ಣ ಬಡಾವಣೆ ಸಂಸ್ಥೇಲಿ ಪಾರ್ಟ್ ಟೈಮ್ ಔಟ್‌ರೀಚ್ ಕೆಲಸ ಸಿಕ್ತು. ಮಿನಿಯಾಪೊಲಿಸ್ ಮತ್ತೆ ಸೇಂಟ್ ಪಾಲ್ ಡೌನ್‌ಟೌನ್ ಮಧ್ಯೆ ಹೊಸ ಲೈಟ್ ರೈಲು, ಅಂದ್ರೆ ರಸ್ತೇಲೇ ಹಳಿ ಹಾಕಿ ಓಡಿಸೋ ಟ್ರಾಮ್ ಥರದ್ದು, ಬರೋದಿತ್ತು, ಸುಮಾರು 18 ಕಿಲೋಮೀಟರ್, ಈಗ ಗ್ರೀನ್ ಲೈನ್ ಅಂತಾರೆ. ಅದು ಹೋಗೋ ಯೂನಿವರ್ಸಿಟಿ ಅವೆನ್ಯೂ ಅನ್ನೋ ರಸ್ತೇಲಿ ವಿಯೆಟ್ನಾಂ ಹೋಟ್ಲು, ಲಾವೋಸ್ ಕಡೆಯಿಂದ ಬಂದ ಮೋಂಗ್ ಜನದ ಅಂಗಡಿ, ಸೊಮಾಲಿಗಳ ಟೀ ಅಡ್ಡ, ಕಪ್ಪು ಜನಾಂಗದವರ ಸಲೂನು ಎಲ್ಲ ಒತ್ತೊತ್ತಾಗಿ. ಇವರನ್ನೆಲ್ಲ ಮಾತಾಡಿಸಿ ಪ್ಲಾನಿಂಗಿಗೆ ಸೇರಿಸ್ಕೊಳ್ಳೋದು ನನ್ನ ಕೆಲಸ. ಅಮ್ಮನಿಗೆ ಫೋನಲ್ಲಿ ಹೇಳಿದ್ರೆ, ಲೈಟ್ ರೈಲು ಅಂದ್ರೆ ಏನೇ, ರಾತ್ರಿ ಹೊತ್ತು ಓಡೋದಾ ಅಂದ್ರು. ಅಮ್ಮನ ಮಾತಿಗೆ ನಕ್ಕಿದ್ದೆ, ಆಮೇಲೆ ನೋಡಿದ್ರೆ ನಮ್ಮ ಮೊದಲನೇ ಪಾಂಪ್ಲೆಟಿನ ಅನುವಾದದಲ್ಲೂ ಅದು ದೀಪದ ರೈಲೇ ಆಗಿತ್ತು!

ಆ ಪಾಂಪ್ಲೆಟ್ ಕಥೆ ಹೇಳ್ಲೇಬೇಕು. ನಾಲ್ಕು ಭಾಷೇಲಿ 500 ಹೊಡೆಸಿದ್ವಿ. ಮೋಂಗ್ ಭಾಷೆಗೆ ರೋಮನ್ ಲಿಪಿ ಬಂದಿದ್ದೇ 1950ರ ದಶಕದಲ್ಲಿ, ಲಾವೋಸಿನ ಬೆಟ್ಟದಲ್ಲಿ ಬೆಳೆದ ಅಜ್ಜಿಯರಲ್ಲಿ ತುಂಬಾ ಜನ ಸ್ಕೂಲ್ ಮುಖಾನೇ ನೋಡಿಲ್ಲ. ಸೊಮಾಲಿಗೂ ಅಧಿಕೃತ ಲಿಪಿ ಅಂತ ಆಗಿದ್ದು 1972ರಲ್ಲಿ. ಅಂದ್ರೆ ಓದೋಕೆ ಬರೋ ಮಕ್ಕಳಿಗೆ ಇಂಗ್ಲಿಷೇ ಸಾಕಿತ್ತು, ಬೇಕಾಗಿದ್ದ ಹಿರಿಯರಿಗೆ ಯಾವ ಲಿಪೀಲಿ ಕೊಟ್ರೂ ಒಂದೇ. ಎರಡು ವಾರ ಬಿಟ್ಟು ಒಂದು ಅಂಗಡಿಗೆ ಹೋದ್ರೆ ನಮ್ಮ ಪಾಂಪ್ಲೆಟನ್ನ ಕೊತ್ತಂಬರಿ ಕಟ್ಟಿನ ಕೆಳಗೆ ಹಾಸಿದ್ರು, ನೀರು ಹೀರ್ಲಿ ಅಂತ.

ಆಮೇಲೆ ಹಾಲ್ ಬುಕ್ ಮಾಡೋದನ್ನೇ ಬಿಟ್ವಿ. ಶನಿವಾರ ಬೆಳಿಗ್ಗೆ ರೈತರ ಸಂತೆಗೆ ಹೋಗಿ ಸೊಪ್ಪು ತೂಗೋ ಗ್ಯಾಪಲ್ಲಿ ಮಾತಾಡಿಸೋದು, ಶುಕ್ರವಾರ ನಮಾಜ್ ಮುಗಿದ್ಮೇಲೆ ಮಸೀದಿ ಹೊರಗೆ ನಿಲ್ಲೋದು, ಭಾನುವಾರ ಚರ್ಚಿನ ಬೇಸ್‌ಮೆಂಟಲ್ಲಿ ಊಟಕ್ಕೆ ಕೂರೋದು. ಮೋಂಗ್‌ಗಳಲ್ಲಿ ಕುಲದ ಹಿರಿಯರದ್ದು ಮಾತು ಜೋರು, ಅವರನ್ನ ಮೊದಲು ಕಾಣದೆ ಮನೆಗೆ ಹೋದ್ರೆ ಬಾಗಿಲೇ ತೆಗೆಯಲ್ಲ, ಆದ್ರೆ ಅವರನ್ನ ಮಾತ್ರ ಕೇಳಿ ಬಂದ್ರೆ ಬಸ್ಸಲ್ಲಿ ದಿನಾ ಓಡಾಡೋ ಹೆಂಗಸರ ವಿಷ್ಯ ಒಂದೂ ಸಿಗಲ್ಲ. ನಮ್ಮೂರ ಅರಳಿಕಟ್ಟೆ ಪಂಚಾಯ್ತಿ ನೋಡಿ ಬೆಳೆದವಳಿಗೆ ಇದೇನು ಹೊಸದಲ್ಲ, ಗಂಡಸರ ಮೀಟಿಂಗ್ ಕಟ್ಟೆ ಮೇಲೆ, ಹೆಂಗಸರ ಮೀಟಿಂಗ್ ಅಡುಗೆಮನೇಲಿ, ಎರಡಕ್ಕೂ ಹೋಗ್ಬೇಕು ಅಷ್ಟೆ. ಇಂಟರ್‌ಪ್ರಿಟರ್‌ಗೆ ದುಡ್ಡು ಕೊಡ್ಲೇಬೇಕು, ಹನ್ನೆರಡು ವರ್ಷದ ಮೊಮ್ಮಗನ ಕೈಲಿ ಅಜ್ಜಿಗೆ ಅನುವಾದ ಮಾಡಿಸಿದ್ರೆ ಅವನು ತನಗೆ ತೋಚಿದ್ದನ್ನ ಹೇಳ್ತಾನೆ.

ರಾಂಡೋ ಕಡೆಯವರ ಹತ್ರ ಮಾತ್ರ ಯಾವ ಉಪಾಯಾನೂ ನಡೀಲಿಲ್ಲ. ರಾಂಡೋ ಅನ್ನೋದು ಸೇಂಟ್ ಪಾಲಿನ ಕಪ್ಪು ಜನರ ಹಳೇ ಬಡಾವಣೆ, 1950–60ರ ದಶಕದಲ್ಲಿ ಐ-94 ಹೆದ್ದಾರಿಯನ್ನ ಅದರ ನಟ್ಟನಡುವೆ ಕೊರೆದ್ರು, ನೂರಾರು ಮನೆ ಹೋಯ್ತು. ಒಬ್ರು ಅಜ್ಜ ನನ್ನ ಕೈಲಿದ್ದ ಕ್ಲಿಪ್‌ಬೋರ್ಡ್ ನೋಡಿ, ಇಂಥದ್ದನ್ನೇ ಹಿಡ್ಕೊಂಡು ಆಗ್ಲೂ ಬಂದಿದ್ರಮ್ಮ, ನಾನಾಗ ಹುಡುಗ ಅಂದ್ರು. ಏನಂತ ಉತ್ತರ ಕೊಡೋದು? ಸುಮ್ಮನೆ ಕೂತೆ. ಅವತ್ತಿಂದ ಕ್ಲಿಪ್‌ಬೋರ್ಡ್ ತಗೊಂಡು ಹೋಗ್ಲಿಲ್ಲ, ಮನೆಗೆ ಬಂದು ಬರ್ಕೊಳ್ತಿದ್ದೆ.

ಇನ್ನೊಂದು, ರೈಲು ಬೇಕಾ ಬೇಡ್ವಾ ಅಂತ ಕೇಳಿದ್ರೆ ಎಲ್ರೂ ಮರ್ಯಾದೆಗೆ ಹೂಂ ಅಂತಾರೆ. ಡಾಕ್ಟರ್ ಹತ್ರ ಹೆಂಗೆ ಹೋಗ್ತೀರಾ ಅಂತ ಕೇಳಿದ್ರೆ ಗಂಟೆಗಟ್ಟಲೆ ಮಾತು. ಎಲ್ಲಾ ಕಡೆ ಬಂದಿದ್ದು ಒಂದೇ ಉತ್ತರ, 16ನೇ ನಂಬರ್ ಬಸ್ಸು. ಅದು ಹೆಜ್ಜೆಗೊಂದು ಕಡೆ ನಿಲ್ತಿತ್ತು, ಪ್ಲಾನಲ್ಲಿದ್ದ ರೈಲು ಆ ಭಾಗದಲ್ಲಿ ಮೈಲಿಗೊಂದು ಸಲ. ಸ್ನೆಲ್ಲಿಂಗ್, ಲೆಕ್ಸಿಂಗ್ಟನ್, ಡೇಲ್, ರೈಸ್, ಮಧ್ಯೆ ಎಲ್ಲೂ ಇಲ್ಲ. ಕಾರಿಲ್ಲದವರು ಜಾಸ್ತಿ ಇರೋ ಜಾಗದಲ್ಲೇ ಹಂಗೆ, ರೈಲು ಮನೆ ಮುಂದೆ ಹೋಗುತ್ತೆ ಆದ್ರೆ ನಿಲ್ಲಲ್ಲ.

ಎಷ್ಟು ದೂರ ಅಂತ ಮ್ಯಾಪಲ್ಲಿ ನೋಡಿದ್ರೆ ಬೆರಳಗಲ. ಒಂದು ಜನವರೀಲಿ ವಿಕ್ಟೋರಿಯಾ ಬೀದಿಯ ಒಬ್ಬ ಅಜ್ಜಿ ಜೊತೆ ಡೇಲ್‌ವರೆಗೂ ನಡೆದೆ, ಅರ್ಧ ಮೈಲಿ. ಮೈನಸ್ 15 ಡಿಗ್ರಿ. ಅವರ ಚಕ್ರದ ಚೀಲ ಹಿಮದಲ್ಲಿ ಸಿಕ್ಕಾಕ್ಕೊಳ್ಳೋದು, ನಾನು ಎತ್ತೋದು, ಎರಡು ಕಡೆ ಫುಟ್‌ಪಾತಲ್ಲಿ ಐಸು ಕಟ್ಟಿ ರಸ್ತೆಗೇ ಇಳಿದ್ವಿ. 26 ನಿಮಿಷ. ಮುಂದಿನ ಮೀಟಿಂಗಲ್ಲಿ ಆ 26 ನಿಮಿಷಾನೇ ಹೇಳಿದೆ, ಪ್ಲಾನಿನ ಬಗ್ಗೆ ಬೇರೇನೂ ಹೇಳ್ಲಿಲ್ಲ. ಎಂಜಿನಿಯರ್ ಒಬ್ರು ಮೊದಲನೇ ಸಲ ಪೆನ್ ತೆಗೆದ್ರು.

ಆದ್ರೆ ಪೆನ್ ತೆಗೆದ್ರೆ ಸ್ಟೇಷನ್ ಬರಲ್ಲ. ಖರ್ಚಲ್ಲಿ ಅರ್ಧ ಕೇಂದ್ರ ಸರ್ಕಾರದ್ದು, ಅವರ ಹತ್ರ ಒಂದು ಸೂತ್ರ, ಪ್ರಯಾಣದಲ್ಲಿ ಉಳಿಯೋ ಸಮಯಕ್ಕೆ ಎಷ್ಟು ಡಾಲರ್ ಬೀಳುತ್ತೆ ಅಂತ. ಸ್ಟಾಪ್ ಸೇರಿಸಿದ್ರೆ ರೈಲು ನಿಧಾನ, ನಿಧಾನ ಆದ್ರೆ ಅಂಕ ಕಮ್ಮಿ, ಅಂಕ ಕಮ್ಮಿ ಆದ್ರೆ ದುಡ್ಡಿಲ್ಲ. ರೈಲಲ್ಲಿ ಕೂತವನ ಸಮಯ ಲೆಕ್ಕಕ್ಕಿತ್ತು, ಹಿಮದಲ್ಲಿ ನಡೆಯೋ ಅಜ್ಜಿದು ಹಂಗಿರ್ಲಿಲ್ಲ! ಅದಕ್ಕೇ 'ಸ್ಟಾಪ್ಸ್ ಫಾರ್ ಅಸ್' ಅಂತ ಹತ್ತಾರು ಸಂಘಗಳು ಒಟ್ಟಾಗಿ ಊರಿನ ಕೌನ್ಸಿಲ್ಲಿಂದ ವಾಷಿಂಗ್ಟನ್‌ವರೆಗೂ ಪಟ್ಟು ಹಿಡಿದಿದ್ವು, ನಾವೆಲ್ಲ ಅದಕ್ಕೆ ಕಥೆ, ಲೆಕ್ಕ, ಜನ ಒದಗಿಸ್ತಿದ್ವಿ. 2010ರ ಜನವರೀಲಿ ಕೇಂದ್ರದ ಸಾರಿಗೆ ಸಚಿವ ರೇ ಲಹೂಡ್ ಆ ನಿಯಮ ಸಡಿಲಿಸಿದ್ರು, ಹ್ಯಾಮ್ಲಿನ್, ವಿಕ್ಟೋರಿಯಾ, ವೆಸ್ಟರ್ನ್ ಮೂರೂ ಬಂತು. ಅವತ್ತು ಆಫೀಸಲ್ಲಿ ಸಾಂಬೂಸ ಹಂಚಿದ್ರು, ನಮ್ಮ ಸಮೋಸಾನೇ, ಖಾರ ಸ್ವಲ್ಪ ಕಮ್ಮಿ.

ಅಂಗಡಿಯವರ ವಿಷ್ಯದಲ್ಲಿ ನಾನು ಎಡವಿದೆ. ರಸ್ತೆ ಬದಿ ಪಾರ್ಕಿಂಗ್ ಬಹುತೇಕ ಹೋಗುತ್ತೆ ಅಂತ ಗೊತ್ತಿತ್ತು, ಆದ್ರೆ ಸ್ಟಾಪಿನ ಗಲಾಟೇಲಿ ಎಂಟು ತಿಂಗಳು ಅವರ ಕಡೆ ತಲೆ ಹಾಕ್ಲಿಲ್ಲ. ಮಾತು ಕೇಳ್ಕೊಂಡು ಬಂದು, ಏನಾಯ್ತು ಅಂತ ತಿರುಗಿ ಹೋಗಿ ಹೇಳದೇ ಇರೋದಕ್ಕಿಂತ ಕೇಳದೇ ಇರೋದೇ ವಾಸಿ, ಈಗಲೂ ಹಂಗೇ ಅನ್ಸುತ್ತೆ. ಯೂನಿವರ್ಸಿಟಿ ಲ್ಯಾಬಿನ ಯಂತ್ರಕ್ಕೆ ರೈಲಿನ ಅದುರಾಟ ತಾಗುತ್ತೆ ಅಂದಾಗ ಹಳಿ ಕೆಳಗೆ ಏನು ಹಾಕ್ಬೇಕು ಅಂತ ವರ್ಷಗಟ್ಟಲೆ ಚರ್ಚೆ ನಡೀತು, ಅವರಿಗೆ ವಕೀಲರಿದ್ರು. ಫೋ ಅನ್ನೋ ವಿಯೆಟ್ನಾಂ ನೂಡಲ್ ಸೂಪ್ ಮಾಡೋ ಹೋಟ್ಲಿನ ಅಕ್ಕನಿಗೆ ನಾನಿದ್ದೆ.

ಕೇಸೂ ಬಿತ್ತು, ಕಾಮಗಾರಿ ವೇಳೆ ಆಗೋ ವ್ಯಾಪಾರ ನಷ್ಟವನ್ನ ಪರಿಸರ ವರದೀಲಿ ಸರಿಯಾಗಿ ನೋಡಿಲ್ಲ ಅಂತ 2011ರಲ್ಲಿ ಫೆಡರಲ್ ಜಡ್ಜ್ ಹೇಳಿದ್ರು, ಕೆಲಸ ಮಾತ್ರ ನಿಲ್ಲಿಸ್ಲಿಲ್ಲ. ಸಣ್ಣ ವ್ಯಾಪಾರಿಗಳಿಗೆ 20,000 ಡಾಲರ್‌ವರೆಗೂ ಬಡ್ಡಿ ಇಲ್ಲದ, ಷರತ್ತಿನ ಮೇಲೆ ಮನ್ನಾ ಆಗೋ ಸಾಲ ಕೊಟ್ರು. ಬಡ್ಡಿ ಇಲ್ಲ ಅನ್ನೋದು ಸೊಮಾಲಿ ಅಂಗಡಿಯವರಿಗೆ ತುಂಬಾ ಮುಖ್ಯ, ಇಸ್ಲಾಂನಲ್ಲಿ ಬಡ್ಡಿ ನಿಷಿದ್ಧ ಅಲ್ವಾ, ಬಡ್ಡಿ ಇದ್ದಿದ್ರೆ ಅರ್ಜಿ ಮುಟ್ಟೋಕೂ ಹಿಂದೇಟು ಹಾಕ್ತಿದ್ರು. ಆದ್ರೆ ಮಾರಾಟದ ಪೇಪರ್ ತೋರಿಸ್ಬೇಕು, ಫೋ ಅಕ್ಕನ ಲೆಕ್ಕ ಎಲ್ಲ ಒಂದು ನೋಟ್‌ಬುಕ್ಕಲ್ಲಿ, ವಿಯೆಟ್ನಾಂ ಭಾಷೇಲಿ, ಪೆನ್ಸಿಲಲ್ಲಿ. ಮೂರು ಸಂಜೆ ಅವರ ಮಗಳ ಜೊತೆ ಕೂತು ಬಿಲ್ ಜೋಡಿಸಿದ್ವಿ. ಅರ್ಜಿ ತಯಾರಾಗೋ ಹೊತ್ತಿಗೆ ಬೇಲಿ ಹಾಕಿ ಅಂಗಡಿ ಮುಂದೆ ಅಗೆದಾಗಿತ್ತು.

2014ರ ಜೂನ್ 14ಕ್ಕೆ ರೈಲು ಶುರುವಾಯ್ತು. ಮೊದಲನೇ ದಿನಾನೇ ಹತ್ತಿದೆ, ನೂಕುನುಗ್ಗಲು. ವೆಸ್ಟರ್ನಲ್ಲಿ ಇಳಿದು ಫೋ ತಿನ್ನೋಣ ಅಂತ ನಡೆದೆ, ಅಲ್ಲೊಂದು ಮೊಬೈಲ್ ಅಂಗಡಿ ಆಗಿತ್ತು. ಮಗಳ ನಂಬರ್ ಇತ್ತು ನನ್ನ ಹತ್ರ, ಅವತ್ತು ಫೋನ್ ಮಾಡೋ ಧೈರ್ಯ ಬರ್ಲಿಲ್ಲ, ಮುಂದಿನ ವಾರ ಮಾಡಿದೆ.