ಹಳೆಯ ಬೇಕಲೈಟ್ ಲ್ಯಾಪ್ ಸ್ಟೀಲ್ ಗಿಟಾರ್ ಕೈಗೆ ಬಂದರೆ

ತೊಡೆಯ ಮೇಲಿಟ್ಟು ನುಡಿಸುವ ಎಲೆಕ್ಟ್ರಿಕ್ ಗಿಟಾರ್ ರಿಕನ್‌ಬ್ಯಾಕರ್ ಮಾಡೆಲ್ ಬಿ ಸಿಕ್ಕವರು ಮೊದಲು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಮೇಲೆ ಕಮಾನಿನಂತೆ ಬಾಗಿರುವ ಲಾಳಾಕಾರದ ಮ್ಯಾಗ್ನೆಟ್‌ಗೆ ಸ್ಕೇಲಿಟ್ಟು ಅಗಲ ನೋಡಿ. ಒಂದೂವರೆ ಇಂಚಿದ್ದರೆ ಸಾಮಾನ್ಯವಾಗಿ ಎರಡನೇ ಮಹಾಯುದ್ಧಕ್ಕಿಂತ ಹಿಂದಿನದು, ಒಂದೂಕಾಲು ಇದ್ದರೆ ನಂತರದ್ದು. ಒಂದೂವರೆ ಇಂಚಿನ ಮ್ಯಾಗ್ನೆಟ್‌ನ ತುಂಬು ದನಿಗೆ ಸಾಟಿಯಿಲ್ಲ.

ಮ್ಯಾಗ್ನೆಟ್‌ಗಳನ್ನು ದಯವಿಟ್ಟು ಬಿಚ್ಚಬೇಡಿ. ಬೇರ್ಪಡಿಸಿ ಇಟ್ಟರೆ ಶಕ್ತಿ ಕುಂದುತ್ತದೆ, ದನಿ ಸೊರಗುತ್ತದೆ. ಕ್ರೋಮ್ ಉಜ್ಜಲು ಸ್ಟೀಲ್ ವೂಲ್ ಅಂತೂ ಬೇಡವೇ ಬೇಡ: ಅದರ ಪುಡಿ ಮ್ಯಾಗ್ನೆಟ್‌ಗೆ ಅಂಟಿ ಪಿಕಪ್‌ನ ಕಾಯಿಲ್ (ತಂತಿ ಸುರುಳಿ) ಹತ್ತಿರ ಸೇರುತ್ತದೆ, ತೆಗೆಯುವುದು ಬಹಳ ಕಷ್ಟ. ಒಣ ಮೆತ್ತನೆ ಹತ್ತಿಬಟ್ಟೆ ಸಾಕು.

ಒಡಲಿನ ಬೇಕಲೈಟ್ ಹಳೆಯ ಬಗೆಯ ಪ್ಲಾಸ್ಟಿಕ್; ಗಟ್ಟಿ, ಆದರೆ ಗಾಜಿನಂತೆ ಪೆಡಸು. ಬಿದ್ದರೆ ಸೀಳುತ್ತದೆ, ಸ್ಕ್ರೂ ಅತಿಯಾಗಿ ಬಿಗಿದರೂ ಅಷ್ಟೇ. ಕತ್ತನ್ನು ಒಡಲಿಗೆ ಹಿಡಿದಿರುವ ಸ್ಕ್ರೂಗಳ ಸುತ್ತ ಟಾರ್ಚ್ ಹಿಡಿದು ಕೂದಲೆಳೆ ಬಿರುಕು ಹುಡುಕಿ. ಬಿಸಿಲು ತಾಗಿದರೆ ಆ ಕಪ್ಪು ಹೊಳಪು ಮಂಕಾಗುತ್ತದೆ, ಕಿಟಕಿ ಪಕ್ಕ ಇಡಬೇಡಿ.

ತಂತಿ ಒಂದೊಂದೇ ಬದಲಿಸಿ. ಸಿ6 (ಸಿ, ಇ, ಜಿ, ಎ ಸ್ವರಗಳ) ಶ್ರುತಿಗೆ ಅತಿ ಎತ್ತರದ ಸ್ವರದ ಇ ತಂತಿ 0.015 ಇಂಚು, ಅತಿ ತಗ್ಗಿನ ಸಿ 0.036 ಇಂಚು ದಪ್ಪದ ಆಸುಪಾಸು ಹೊಂದುತ್ತದೆ. ಅದಕ್ಕಿಂತ ದಪ್ಪ ಹಾಕಿ ಎಳೆತ ಹೆಚ್ಚಿಸಬೇಡಿ.