ಪವರ್ ಹೆಚ್ಚಿಸೋ ಚಿಪ್ ಹಾಕಿದ ಮೇಲೆ ಟ್ರಕ್ ಎಳೆಯುತ್ತಿಲ್ವಾ?
ಚೆಕ್ ಇಂಜಿನ್ ಲೈಟ್ ಬಂದಿದೆ, ಪಿಕಪ್ಪೇ ಇಲ್ಲ ಅಂದರೆ ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡ್ ಬರೆದಿಟ್ಟುಕೊಳ್ಳಿ, ಸುಮ್ನೆ ಅಳಿಸಬೇಡಿ. ಆಮೇಲೆ ಕೀ ಆಫ್ ಮಾಡಿ, ಚಿಪ್ ಬಿಚ್ಚಿ, ಕಂಪನಿ ಕನೆಕ್ಟರ್ ವಾಪಸ್ ಸಿಕ್ಕಿಸಿ ಓಡಿಸಿ ನೋಡಿ. ಸರಿಹೋಯ್ತಾ? ತಕ್ಷಣ ಚಿಪ್ಪಿಗೆ ಬೈಯಬೇಡಿ. ಕನೆಕ್ಟರ್ ಒಳಗೆ ಟಾರ್ಚ್ ಬಿಡಿ: ಒಂದು ಪಿನ್ ಬಾಗಿದ್ದರೂ, ಲಾಕ್ 'ಟಕ್' ಅಂತ ಕೂರದಿದ್ದರೂ ಸೆನ್ಸರ್ ರೀಡಿಂಗ್ ಏರುಪೇರಾಗುತ್ತದೆ. ಪಿ0087 ಕೋಡ್ ಬಂದಿದ್ದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚೋ ರೈಲ್‌ನಲ್ಲಿ ಡೀಸೆಲ್ ಪ್ರೆಷರ್ ಸಾಲುತ್ತಿಲ್ಲ ಅಂತ, ಡೀಸೆಲ್ ಫಿಲ್ಟರ್ ನೋಡಿ, ಯಾಕಂದ್ರೆ ಅರ್ಧ ಕಟ್ಟಿಕೊಂಡ ಫಿಲ್ಟರ್ ಮಾಮೂಲಿ ಓಟಕ್ಕೆ ಹೇಗೋ ಸಾಕಾಗುತ್ತದೆ, ಚಿಪ್ ಜಾಸ್ತಿ ಡೀಸೆಲ್ ಕೇಳಿದಾಗಲೇ ಅದರ ಬಣ್ಣ ಬಯಲಾಗೋದು. ಪಿ0299 ಆದರೆ ಟರ್ಬೊ ಪ್ರೆಷರ್ ಕಡಿಮೆ, ಹೋಸ್ ಕ್ಲಾಂಪ್ ಸಡಿಲ ಇದೆಯಾ, ಸುತ್ತ ಎಣ್ಣೆ ಜಿಡ್ಡು ಇದೆಯಾ ನೋಡಿ. ಎಲ್ಲಾ ಸರಿ ಇದ್ದರೆ ಚಿಪ್ಪನ್ನು ಕಡಿಮೆ ಸೆಟ್ಟಿಂಗ್‌ನಲ್ಲಿ ಹಾಕಿ ನೋಡಿ. ಕಪ್ಪು ಹೊಗೆ ಬರುತ್ತಿದ್ದರೆ ಲೋಡ್ ಹಾಕಿ ಓಡಿಸಲೇಬೇಡಿ.