ತೊಗರಿ ಹೊಲದ ಎನ್‌ಡಿವಿಐ ನಂಬೂಕಿಂತ ಮೊದ್ಲ ಮಾಡೋ ಕೆಲಸ: ಸೆಟಲೈಟ್ ಮತ್ತ ಡ್ರೋನ್ ಕ್ಯಾಲಿಬ್ರೇಶನ್

ಎನ್‌ಡಿವಿಐ, ಅಂದ್ರ ಬೆಳಿ ಎಷ್ಟು ಹಸಿರದ ಅಂತ ತೋರಸೋ ನಂಬರ್, ಅದರ ಮ್ಯಾಪ್ ತಗ್ಯೂದು ಈಗ ಭಾಳ ಸರಳ ಆಗ್ಯಾದ, ಮೊಬೈಲ್‌ನಾಗ ಹೊಲದ ಮ್ಯಾಗ ಬೆರಳಿಟ್ರ ಸಾಕು ಹಸಿರು ಹಳದಿ ಕೆಂಪು ಬಣ್ಣ ಬಂದು ನಿಲ್ತಾವ. ಆದ್ರ ಹೋದ ವಾರ 0.68 ಇದ್ದದ್ದು ಈ ವಾರ 0.59 ಆಗ್ಯಾದ ಅಂದ್ರ ತೊಗರಿಗೆ ಖರೇನ ಏನರ ಆಗ್ಯಾದೋ, ಅವತ್ತು ಗಾಳ್ಯಾಗ ಧೂಳು ಇತ್ತೋ, ಬಿಸಲಿನ ಕೋನ ಬ್ಯಾರೆ ಇತ್ತೋ, ಇಲ್ಲಾ ಫೈಲ್‌ನ ಲೆಕ್ಕಾನೇ ಬ್ಯಾರೆ ಇತ್ತೋ ಇದು ಗೊತ್ತಿಲ್ದೆ ಔಷಧ ಹೊಡೀರಿ ಅಂತ ರೈತರಿಗೆ ಹೇಳಬಾರ್ದು, ಅವ್ರ ರೊಕ್ಕ ಹೋಗ್ತದ. ಕಲಬುರಗಿ, ಬೀದರ್, ಯಾದಗಿರಿ ಕಡೆ ಎಫ್‌ಪಿಒದಾಗ (ರೈತರ ಉತ್ಪಾದಕ ಸಂಸ್ಥೆ), ಕೃಷಿ ಇಲಾಖಿಯಾಗ, ಡ್ರೋನ್ ಕೆಲಸದಾಗ ಇರೋ ಹುಡುಗರಿಗೆ, ಅಗ್ರಿ ಓದೋರಿಗೆ ಉಪಯೋಗ ಆಗ್ಲಿ ಅಂತ ನಾ ಮಾಡೋ ಕ್ಯಾಲಿಬ್ರೇಶನ್, ಅಂದ್ರ ನಂಬರ್ ಖರೇ ಅಳತಿಗೆ ಹೊಂದಿಸೋ ಕ್ರಮ ಬರದೀನಿ.

ಮೊದ್ಲ ಒಂದು ಮಾತು ಕ್ಲಿಯರ್ ಇರ್ಲಿ. ಕ್ಯಾಮೆರಾ ಕೊಡೋದು ಬರೇ ಡಿಎನ್ ಅನ್ನೋ ಕಚ್ಚಾ ನಂಬರ್. ನಮಗ ಬೇಕಾದದ್ದು ರಿಫ್ಲೆಕ್ಟೆನ್ಸ್, ಅಂದ್ರ ಎಲಿ ಮ್ಯಾಗ ಬಿದ್ದ ಬೆಳಕಿನಾಗ ಎಷ್ಟು ಪಾಲು ವಾಪಸ್ ಬಂತು ಅನ್ನೋದು, ಅದು 0 ರಿಂದ 1ರ ನಡುವ ಇರ್ತದ. ಆರೋಗ್ಯದ ಎಲಿ ಕೆಂಪು ಬೆಳಕು ನುಂಗತದ, ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಮಾತ್ರ ಜೋರಾಗಿ ವಾಪಸ್ ಒಗೀತದ. ಎನ್‌ಡಿವಿಐ ಅಂದ್ರ ನಿಯರ್ ಇನ್‌ಫ್ರಾರೆಡ್‌ನಾಗ ಕೆಂಪು ಕಳದು ಬಂದದ್ದಕ್ಕ ಇವೆರಡರ ಮೊತ್ತದಿಂದ ಭಾಗಿಸಿದ್ದು, ಅಷ್ಟೇ. ಇದನ್ನ ಡಿಎನ್ ಮ್ಯಾಗ ಮಾಡಿದ್ರೂ ಒಂದು ನಂಬರ್ ಬರ್ತದ, ಆದ್ರ ಆ ನಂಬರ್ ಇವತ್ತಿಂದು ನಾಳಿಗೆ ಹೋಲಿಸಕ ಬರೂದಿಲ್ಲ.

ಸೆಟಲೈಟ್‌ದಿಂದ ಶುರು ಮಾಡೋಣ, ಯಾಕಂದ್ರ ಅದು ಫ್ರೀ ಸಿಗ್ತದ. ಯುರೋಪಿನವ್ರ ಸೆಂಟಿನೆಲ್-2 ತಗೋರಿ, ಬ್ಯಾಂಡ್ ಅಂದ್ರ ಒಂದೊಂದು ಬಣ್ಣದ ಬೆಳಕು ಅಳಿಯೋ ಪಟ್ಟಿ, ಅದರಾಗ ಕೆಂಪು (ಬ್ಯಾಂಡ್ 4) ಮತ್ತ ನಿಯರ್ ಇನ್‌ಫ್ರಾರೆಡ್ (ಬ್ಯಾಂಡ್ 8) ಎರಡೂ 10 ಮೀಟರ್ ಪಿಕ್ಸೆಲ್, ಜೋಡಿ ಸೆಟಲೈಟ್ ಸೇರಿ 5 ದಿನಕ್ಕೊಮ್ಮೆ ಒಂದೇ ಜಾಗದ ಮ್ಯಾಗ ಬರ್ತಾವ. ಲೆವೆಲ್-1ಸಿ ಬ್ಯಾಡ್ರಿ, ಅದು ವಾತಾವರಣದ ಮ್ಯಾಗಿನ ಲೆಕ್ಕ. ಲೆವೆಲ್-2ಎ ಅಂದ್ರ ಗಾಳಿ, ಧೂಳು, ನೀರಾವಿ ಇವುಗಳ ಪರಿಣಾಮ ತಗದು ನೆಲದ ಮ್ಯಾಗಿನ ರಿಫ್ಲೆಕ್ಟೆನ್ಸ್ ಕೊಟ್ಟಿರ್ತಾರ, ಅದನ್ನೇ ತಗೋರಿ. ಗಾಳ್ಯಾಗ ಮಬ್ಬು ಇದ್ರ ಬೆಳಿಯ ಕೆಂಪು ಬ್ಯಾಂಡ್ ಸುಮ್ನ ಏರ್ತದ, ಅದು ಮೊದ್ಲೇ ಸಣ್ಣ ನಂಬರ್ ಇರೂದ್ರಿಂದ ಸ್ವಲ್ಪ ಏರಿದ್ರೂ ಎನ್‌ಡಿವಿಐ ಇಳದು ಹೋಗ್ತದ, ಬೆಳಿ ಮಾತ್ರ ಹಂಗೇ ಇರ್ತದ.

ಈಗ ಭಾಳ ಮಂದಿ ಬೀಳೋ ತಗ್ಗು. 2022ರ ಜನವರಿ 25ರಿಂದ ಸೆಂಟಿನೆಲ್-2 ಫೈಲ್‌ನಾಗ ಡಿಎನ್‌ಗೆ 1000 ಕೂಡಿಸಿ ಕೊಡ್ತಾರ. ಮೊದ್ಲ ಡಿಎನ್‌ಗೆ 10000ದಿಂದ ಭಾಗಿಸಿದ್ರ ರಿಫ್ಲೆಕ್ಟೆನ್ಸ್ ಬರ್ತಿತ್ತು, ಈಗ 1000 ಕಳದು ಆಮ್ಯಾಲ ಭಾಗಿಸಬೇಕು. ರಾಶಿ ತೂಗೂಕಿಂತ ಮೊದ್ಲ ಕಾಟಾ ಸೊನ್ನಿಗಿ ತರ್ತೀವಲ್ಲ, ಹಂಗ. ಇದು ಬಿಟ್ರ ಏನಾಗ್ತದ ನೋಡ್ರಿ: ಕೆಂಪು 1800, ನಿಯರ್ ಇನ್‌ಫ್ರಾರೆಡ್ 5000 ಅಂತ ಫೈಲ್‌ನಾಗ ಅದ ಅನ್ಕೋರಿ. ಸೀದಾ ಲೆಕ್ಕ ಹಾಕಿದ್ರ 3200 ಭಾಗ 6800, ಅಂದ್ರ 0.47. ಸಾವಿರ ಕಳದ್ರ ಕೆಂಪು 800, ಇನ್ನೊಂದು 4000, ಈಗ 3200 ಭಾಗ 4800, ಅಂದ್ರ 0.67. ಒಂದೇ ಹೊಲ, ಒಂದೇ ದಿನ, 0.20 ಫರಕ್! 2021ರ ತೊಗರಿ ಜೊತಿಗೆ ಆಮ್ಯಾಲಿಂದು ಹೋಲಿಸಿ ಜಿಲ್ಲೆದಾಗ ಹಸಿರು ಕುಸದದ ಅಂತ ರಿಪೋರ್ಟ್ ಬರದ್ರ ಎಷ್ಟು ಅನಾಹುತ ಆಗ್ತದ ವಿಚಾರ ಮಾಡ್ರಿ. ಗೂಗಲ್ ಅರ್ಥ್ ಎಂಜಿನ್ ಅನ್ನೋ ಆನ್‌ಲೈನ್ ಜಾಗದಾಗ ಸೆಟಲೈಟ್ ಲೆಕ್ಕ ಮಾಡೋರು ಹೆಸರಿನಾಗ ಹಾರ್ಮೊನೈಸ್ಡ್ ಅಂತ ಇರೋ ಕಲೆಕ್ಷನ್ ತಗೋರಿ, ಅದರಾಗ ಇದು ಸರಿ ಮಾಡಿರ್ತಾರ. ಅಮೆರಿಕದ ಲ್ಯಾಂಡ್‌ಸ್ಯಾಟ್ 8 ಮತ್ತ 9 ಸೆಟಲೈಟ್‌ನ ಕಲೆಕ್ಷನ್-2 ಲೆವೆಲ್-2 ಫೈಲ್‌ನ ಸೂತ್ರ ಬ್ಯಾರೆ, ಡಿಎನ್‌ಗೆ 0.0000275 ಗುಣಿಸಿ 0.2 ಕಳೀಬೇಕು. ಮತ್ತ ಲ್ಯಾಂಡ್‌ಸ್ಯಾಟ್‌ಂದು ಒಂದು ದಿನ, ಸೆಂಟಿನೆಲ್‌ದು ಒಂದು ದಿನ ಹಿಂಗ ಒಂದೇ ಗ್ರಾಫ್‌ನಾಗ ಕೂಡಿಸಬ್ಯಾಡ್ರಿ, ಬ್ಯಾಂಡಿನ ಅಗಲ ಎರಡರದೂ ಬ್ಯಾರೆ ಬ್ಯಾರೆ ಅದ. ಕೂಡಿಸಲೇಬೇಕಂದ್ರ ನಾಸಾದವ್ರು ಎರಡೂ ಹೊಂದಿಸಿ ಕೊಡೋ ಎಚ್‌ಎಲ್‌ಎಸ್ ಅನ್ನೋ 30 ಮೀಟರ್ ಡೇಟಾ ಅದ.

ಮೋಡ ಸೋಸೂದು: 2ಎ ಜೊತಿಗೇ ಎಸ್‌ಸಿಎಲ್ ಅನ್ನೋ ಲೇಯರ್ ಬರ್ತದ, ಅದರಾಗ 3 ಅಂದ್ರ ಮೋಡದ ನೆಳ್ಳು, 8, 9 ಮೋಡ, 10 ತೆಳು ಮೋಡ. ಇವು ತಗದು ಒಗೀರಿ. ಆದ್ರೂ ಕಣ್ಣಲೆ ಒಮ್ಮೆ ನೋಡ್ರಿ, ಮೋಡದ ಅಂಚಿನಾಗ ತಪ್ಪಿಸಿಕೊಂಡ ಪಿಕ್ಸೆಲ್ ಇರ್ತಾವ.

ಇನ್ನ ನಮ್ಮ ಊರಿನ ಚೆಕ್. ಸೆಟಲೈಟ್ ಮ್ಯಾಗ ಇರೋವಾಗ್ಲೇ ಅದರ ಅಳತಿ ಸರಿ ಅದ ಏನ್ ಅಂತ ಪರೀಕ್ಷೆ ಮಾಡಿ ನೋಡ್ತಾರ, ಸೆಂಟಿನೆಲ್-2ದಾಗ ಸೂರ್ಯನ ಬೆಳಕು ಹಾಯಿಸಿ ನೋಡಕ ಒಂದು ಬಿಳಿ ಹಲಗಿನೇ ಅದ, ಲ್ಯಾಂಡ್‌ಸ್ಯಾಟ್ 8 ತಿಂಗಳಿಗೊಮ್ಮೆ ಚಂದ್ರನ್ನ ನೋಡಿ ಹೋಲಿಸ್ತದ, ನಮ್ಮ ಇಸ್ರೋದವ್ರು ಕಚ್ಛ್‌ನ ರಣದಾಗ ನೆಲದ ಮ್ಯಾಗ ನಿಂತು ಅಳದು ತಾಳೆ ನೋಡ್ತಾರ. ಅದೇ ಕೆಲಸ ನಾವೂ ಸಣ್ಣದಾಗಿ ಮಾಡಬಹುದು. ವರ್ಷಪೂರ್ತಿ ಬದಲಾಗದ ಜಾಗ ಹುಡುಕ್ರಿ. ಕಲಬುರಗಿ ಏರ್‌ಪೋರ್ಟ್ ರನ್‌ವೇ ಛಲೋ, 10 ಮೀಟರ್ ಪಿಕ್ಸೆಲ್ ಪೂರ್ತಿ ಅದರೊಳಗ ಕೂಡ್ತದ, ಅಂಚು ಬಿಟ್ಟು ನಟ್ಟನಡುವಿನ ಪಿಕ್ಸೆಲ್ ತಗೋರಿ, ವಿಮಾನದ ಗಾಲಿ ಬಡಿಯೋ ಕರಿ ಪಟ್ಟಿ ಬಿಡ್ರಿ. ದೊಡ್ಡ ಕಾಂಕ್ರೀಟ್ ಅಂಗಳ, ಗೋದಾಮಿನ ಛತ್ತು, ಕೆಲಸ ನಿಂತ ಫರ್ಸಿ ಖಣಿಯ ಬಂಡಿ, ಹಿಂಗ ಹತ್ತು ಹದಿನೈದು ಜಾಗ ಕತ್ತಲಿಂದ ಬಿಳಿ ತನಕ ಇರ್ಲಿ. ಕತ್ತಲಿಗೆ ಆಳದ ನೀರು ಬೇಕು, ಆದ್ರ ಕಾರಂಜಾ ಆಗ್ಲಿ ಬೆಣ್ಣೆತೊರಾ ಆಗ್ಲಿ ಮಳಿಗಾಲದಾಗ ರಾಡಿ ನೀರಿರ್ತದ, ಅದು ಹೊಳೀತದ, ಹಂಗಾಗಿ ನೀರು ತಿಳಿಯಾದ ಮ್ಯಾಲ ಮಾತ್ರ ಉಪಯೋಗಿಸ್ರಿ. ಮಳಿ ಬಂದ ಮರುದಿನದ ಚಿತ್ರಾನೂ ಬ್ಯಾಡ, ತೊಯ್ದ ಡಾಂಬರು, ಕಾಂಕ್ರೀಟ್ ಎರಡೂ ಕಪ್ಪಾಗ್ತಾವ.

ಒಂದು ಸ್ವಚ್ಛ ದಿನ ಆರಿಸಿ ಅದನ್ನ ಆಧಾರ ಮಾಡ್ಕೋರಿ. ಉಳದ ದಿನದ್ದು ಅದೇ ಜಾಗದ ನಂಬರ್ ಎಕ್ಸೆಲ್‌ನಾಗ ಹಾಕಿ, ಆಧಾರದ ದಿನ ಒಂದು ಕಡೆ ಇವತ್ತಿಂದು ಇನ್ನೊಂದು ಕಡೆ, ಬ್ಯಾಂಡ್ ಬ್ಯಾಂಡಿಗೂ ಬ್ಯಾರೆ ಗೆರಿ ಹಾಕ್ರಿ. ಗೆರಿ ಸೀದಾ ಒಂದಕ್ಕೊಂದು ಹೊಂದಿದ್ರ ಏನೂ ಮಾಡೂದು ಬ್ಯಾಡ. ಎಲ್ಲಾ ಜಾಗ ಒಂದೇ ಕಡೆಗೆ ಸರದಿದ್ರ ಆ ಗೆರಿ ಸೂತ್ರದಿಂದ ಇಡೀ ಚಿತ್ರ ತಿದ್ರಿ. ಒಂದೋ ಎರಡೋ ಜಾಗ ಮಾತ್ರ ಹೊರಗ ಬಿದ್ರ ಅಲ್ಲಿ ಯಾರೋ ಬಣ್ಣ ಬಳದಾರ ಇಲ್ಲಾ ಸಾಮಾನು ಇಟ್ಟಾರ, ಅವು ಬಿಡ್ರಿ. ರನ್‌ವೇನೂ ತೊಗರಿ ಜೊತಿಗೇ ಇಳದಿತ್ತಂದ್ರ ತಕರಾರು ಗಾಳಿಯಾಗ ಅದ, ರನ್‌ವೇ ಹಂಗೇ ನಿಂತು ತೊಗರಿ ಅಷ್ಟೇ ಇಳದಿತ್ತಂದ್ರ ಹೊಲಕ್ಕ ಹೋಗಿ ನೋಡ್ರಿ.

ಡ್ರೋನ್ ಇದ್ದೋರಿಗೆ ಕೆಲಸ ಜಾಸ್ತಿ, ಯಾಕಂದ್ರ ಇಲ್ಲಿ ರಿಫ್ಲೆಕ್ಟೆನ್ಸ್ ಮಾಡಿಕೊಡೋರು ಯಾರೂ ಇಲ್ಲ, ನಾವೇ ಮಾಡಬೇಕು. ಮೊದ್ಲ ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಸೋ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡ್ರಿ, ಬೀದರ್‌ನಾಗ ಏರ್‌ಫೋರ್ಸ್ ಅದ, ಕಲಬುರಗಿಗೆ ಏರ್‌ಪೋರ್ಟ್ ಅದ, ಪರವಾನಗಿ ಇಲ್ದೆ ಆ ಕಡೆ ಹಾರಿಸಲೇಬ್ಯಾಡ್ರಿ.

ಟೈಮ್ ಆರಿಸೂದು ಮುಖ್ಯ. ಕಲಬುರಗಿಯಾಗ ಸೂರ್ಯ ಭಾಳ ಮ್ಯಾಗ ಬರೂದು ಗಡಿಯಾರದ 12ಕ್ಕಲ್ಲ, ನಾವು ಐಎಸ್‌ಟಿ ರೇಖೆ, ಅಂದ್ರ ಭಾರತದ ಗಡಿಯಾರ ಹೊಂದಿಸಿರೋ ರೇಖೆಕ್ಕಿಂತ ಪಶ್ಚಿಮಕ್ಕ ಇದ್ದೀವಿ, ಸರಾಸರಿ 12:23ರ ಹತ್ರ. ನವೆಂಬರ್ ಶುರುದಾಗ 12:06, ಫೆಬ್ರವರಿಯಾಗ 12:37 ತನಕ ಸರೀತದ. ತೊಗರಿ ಹೂವಿನ ಟೈಮಿಗೆ, ಅಂದ್ರ ಅಕ್ಟೋಬರ್ ನವೆಂಬರ್‌ದಾಗ, ಇದರ ಹಿಂದು ಮುಂದು ಒಂದು ತಾಸಿನೊಳಗ ಮುಗಸ್ರಿ, ಸಾಲಿನ ನೆಳ್ಳು ಕಡಿಮಿ ಇರ್ತದ. ಆದ್ರ ಆಗಸ್ಟ್ ಮೊದಲ ವಾರದಾಗ ಸೂರ್ಯ ನಮ್ಮ ನೆತ್ತಿ ಮ್ಯಾಗೇ ಇರ್ತಾನ, ಆಗ ನಡು ಮಧ್ಯಾಹ್ನ ಹಾರಿಸಿದ್ರ ಪ್ರತಿ ಫೋಟೋದ ನಡುವ ಒಂದು ಬೆಳ್ಳಗಿನ ಕಲಿ ಬೀಳ್ತದ, ಅದಕ್ಕ ಮುಂಜಾನಿ ಹತ್ತು ಹನ್ನೊಂದಕ್ಕ ಹಾರಸ್ರಿ. ಈ ಎರಡು ಕಾಲದಾಗ ಯಾವ ಟೈಮ್ ಹಿಡಿದ್ರೂ ಆ ಕಾಲ ಪೂರ್ತಿ ಹತ್ರ ಹತ್ರ ಅದೇ ಟೈಮ್ ಇರ್ಲಿ.

ಪ್ಯಾನೆಲ್ ವಿಷಯ, ಅಂದ್ರ ಎಷ್ಟು ಬೆಳಕು ವಾಪಸ್ ಕೊಡ್ತದ ಅಂತ ಮೊದ್ಲೇ ಗೊತ್ತಿರೋ ಹಲಗಿ. ಕ್ಯಾಮೆರಾ ಜೊತಿಗೆ ಬರೋ ಬೂದು ಪ್ಯಾನೆಲ್ ಸುಮಾರು ಅರ್ಧ ಬೆಳಕು ವಾಪಸ್ ಕೊಡೋ ತರಾ ಇರ್ತದ, ಅದರ ಪ್ರತಿ ಬ್ಯಾಂಡಿನ ನಂಬರ್ ಕಂಪನಿಯವ್ರು ಕೊಟ್ಟಿರ್ತಾರ. ಹಾರಿಸೂಕಿಂತ ಮೊದ್ಲ ಒಂದು ಫೋಟೋ, ಇಳದ ಮ್ಯಾಲ ಒಂದು ಫೋಟೋ. ನಿಮ್ಮ ನೆಳ್ಳು ಬೀಳಬಾರ್ದು, ಬಿಳಿ ಅಂಗಿ ಧೋತ್ರ ಹಾಕ್ಕೊಂಡೋರು ಪ್ಯಾನೆಲ್ ಹತ್ರ ನಿಂದ್ರಬಾರ್ದು, ಬಟ್ಟಿ ಬೆಳಕು ಅದರ ಮ್ಯಾಗ ಬೀಳ್ತದ. ಪ್ಯಾನೆಲ್ ಬೆರಳಲೆ ಮುಟ್ಟಬ್ಯಾಡ್ರಿ, ಎರಿ ಮಣ್ಣಿನ ಧೂಳು ಕುಂತ್ರ ಅದರ ನಂಬರ್ ಸುಳ್ಳಾಗ್ತದ.

ಒಂದು ಪ್ಯಾನೆಲ್‌ಗಿಂತ ಎರಡು ಮೂರು ಬೋರ್ಡ್ ನೆಲದ ಮ್ಯಾಗ ಇಟ್ಟು ಡ್ರೋನ್‌ದಿಂದಲೇ ಫೋಟೋ ಬೀಳೂಹಂಗ ಮಾಡಿದ್ರ ಇನ್ನೂ ಛಲೋ. ಪ್ಲೈವುಡ್‌ಗೆ ಹೊಳಪಿಲ್ಲದ ಬಣ್ಣ ಬಳೀರಿ, ಒಂದು ಕಪ್ಪು, ಒಂದು ನಡುವಿನ ಬೂದು, ಒಂದು ತಿಳಿ ಬೂದು. ತಾಡಪತ್ರಿ ಹಾಸಬ್ಯಾಡ್ರಿ, ಹೊಳೀತದ. ಕರಿ ಬಟ್ಟಿನೂ ಬ್ಯಾಡ, ಎಷ್ಟೋ ಕರಿ ಬಟ್ಟಿ ಕಣ್ಣಿಗೆ ಕಪ್ಪು ಕಾಣ್ತಾವ ಆದ್ರ ನಿಯರ್ ಇನ್‌ಫ್ರಾರೆಡ್‌ನಾಗ ಬೆಳ್ಳಗ ಇರ್ತಾವ. ನಿಮ್ಮ ಬೋರ್ಡಿನ ಖರೇ ರಿಫ್ಲೆಕ್ಟೆನ್ಸ್ ತಿಳಕೊಳ್ಳಾಕ ಅದೇ ಬಿಸಲಿನಾಗ, ಅದೇ ಎಕ್ಸ್‌ಪೋಜರ್‌ನಾಗ ಕಂಪನಿ ಪ್ಯಾನೆಲ್ದು ಒಂದು ಫೋಟೋ ನಿಮ್ಮ ಬೋರ್ಡ್‌ಂದು ಒಂದು ಫೋಟೋ ಬೆನ್ನಿಗೆ ಬೆನ್ನು ತಗೀರಿ, ಲೆನ್ಸ್ ಅಂಚಿನ ಕತ್ತಲಿ ಮತ್ತ ಬ್ಲ್ಯಾಕ್ ಲೆವೆಲ್ (ಬೆಳಕೇ ಇಲ್ದಾಗ್ಲೂ ಕ್ಯಾಮೆರಾ ತೋರಸೋ ನಂಬರ್) ತಿದ್ದಿದ ಮ್ಯಾಲ ಎರಡರ ಅನುಪಾತಕ್ಕ ಪ್ಯಾನೆಲ್ ನಂಬರ್ ಗುಣಿಸಿದ್ರ ನಿಮ್ಮ ಬೋರ್ಡಿನ ನಂಬರ್ ಸಿಗ್ತದ.

ಲೆಕ್ಕ ಹಿಂಗ. ಹಾರುವಾಗ ಎಕ್ಸ್‌ಪೋಜರ್, ಅಂದ್ರ ಕ್ಯಾಮೆರಾ ಎಷ್ಟು ಬೆಳಕು ಒಳಗ ಬಿಟ್ಕೊಳ್ತದ ಅನ್ನೋದು, ಲಾಕ್ ಇರ್ಬೇಕು, ಇಲ್ಲಾ ಸಾಫ್ಟ್‌ವೇರ್‌ನಾಗ ಅದನ್ನ ಸರಿದೂಗಿಸಿರಬೇಕು. ಕಪ್ಪು ಬೋರ್ಡ್ 0.04, ಅದರ ಡಿಎನ್ 4000 ಬಂತು. ತಿಳಿ ಬೋರ್ಡ್ 0.50, ಅದರದು 27000. ವ್ಯತ್ಯಾಸ 0.46ಕ್ಕ 23000ದಿಂದ ಭಾಗಿಸಿದ್ರ 0.00002. ಅಂದ್ರ ಡಿಎನ್‌ಗೆ 0.00002 ಗುಣಿಸಿ 0.04 ಕಳದ್ರ ರಿಫ್ಲೆಕ್ಟೆನ್ಸ್. ಈಗ ನಡುವಿನ ಬೋರ್ಡ್ ಸೂತ್ರಕ್ಕ ಸೇರಿಸದೆ ಪರೀಕ್ಷಾಕ ಇಟ್ಕೊಂಡಿದ್ವಿ, ಅದರ ಡಿಎನ್ 13000 ಇದ್ರ 0.22 ಬರ್ಬೇಕು, ಬೋರ್ಡಿನ ಖರೇ ನಂಬರ್ 0.22ರ ಹತ್ರ ಇದ್ರ ಮುಂದಕ್ಕ ಹೋಗ್ರಿ. ಪ್ರತಿ ಬ್ಯಾಂಡಿಗೂ ಬ್ಯಾರೆ ಸೂತ್ರ. ಮೋಡ ಬಂದು ಹೋಗಿ ಮಾಡೋ ದಿನ ಡ್ರೋನ್ ಮ್ಯಾಗಿನ ಸನ್‌ಲೈಟ್ ಸೆನ್ಸರ್ ಸ್ವಲ್ಪ ಸಹಾಯ ಮಾಡ್ತದ, ಆದ್ರ ನನ್ನ ಕೇಳಿದ್ರ ಅಂಥ ದಿನ ಹಾರಿಸೂದೇ ಬ್ಯಾಡ.

ಇಷ್ಟಾದ ಮ್ಯಾಲ ನಂಬರ್ ಸರಿ ಬಂತು, ಅರ್ಥ ಇನ್ನೂ ಬರೂದದ. ನಮ್ಮ ಎರಿ ಭೂಮಿ ಕಪ್ಪು, ಬೀದರ್‌ನ ಕೆಂಪು ನೆಲ ಬ್ಯಾರೆ, ಬೆಳಿ ಸಣ್ಣದಿದ್ದಾಗ ಸಾಲಿನ ನಡುವ ನೆಲಾನೇ ಜಾಸ್ತಿ ಕಾಣ್ತದ, ಅದಕ್ಕ ಎರಡೂ ಕಡೆ ಹೊಲ ಒಂದೇ ಮಾಪಿನಾಗ ಹೋಲಿಸಬ್ಯಾಡ್ರಿ. 1988ರಾಗ ಬಂದ ಸಾವಿ ಅನ್ನೋ ಸೂಚ್ಯಂಕ ಈ ನೆಲದ ಪರಿಣಾಮ ತಗ್ಗಸ್ತದ, ಶುರುವಿನ ದಿನದಾಗ ಅದು ನೋಡ್ರಿ. ಇಲ್ಲಾಂದ್ರ ನಿಮ್ಮದೇ ಹೊಲದ ಎರಡು ತುದಿ ಹಿಡೀರಿ: ಬಿತ್ತೂಕಿಂತ ಮೊದ್ಲ ಹರಗಿದ ನೆಲದ ಎನ್‌ಡಿವಿಐ 0.15, ಪೂರ್ತಿ ಮುಚ್ಚಿದ ಬೆಳಿದು 0.85 ಅಂತ ಬಂದ್ರ, 0.50 ಇರೋ ಕಡೆ ಸುಮಾರು ಅರ್ಧ ನೆಲ ಮುಚ್ಚ್ಯಾದ. ಖರೇ ಅದ ಏನ್ ಅಂತ ನೋಡ್ಲಿಕ್ಕ ಮೊಬೈಲ್ ಎತ್ತಿ ಹಿಡದು ಸೀದಾ ಕೆಳಗ ಫೋಟೋ ತಗದು ಹಸಿರು ಎಷ್ಟು ಅದ ಎಣಸ್ರಿ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚಿ ಈಚಿ ಆಗ್ತದ, ಅದಕ್ಕ ಒಡ್ಡಿನ ಹತ್ರ ಬ್ಯಾಡ, ಹೊಲದ ಒಳಗ, ಸುತ್ತ 30 ಮೀಟರ್ ಒಂದೇ ತರಾ ಇರೋ ಜಾಗ ಹಿಡೀರಿ.

ಮತ್ತ ಬೆಳಿಯ ಕ್ಯಾಲೆಂಡರ್ ಮರೀಬ್ಯಾಡ್ರಿ. ತೊಗರಿ ಸಾಲಿನಾಗ ಹೆಸರು ಉದ್ದು ಹಾಕಿದ್ರ ಅವು ಕಿತ್ತ ಮ್ಯಾಲ ಎನ್‌ಡಿವಿಐ ಇಳದೇ ಇಳೀತದ. ಡಿಸೆಂಬರ್ ಬಂದು ಎಲಿ ಉದುರಕ ಹತ್ತಿದ್ರೂ ಇಳೀತದ. ಅದು ನೆಟೆ ರೋಗ ಅಲ್ಲ. ಅದಕ್ಕ ಪಕ್ಕದ ಹೊಲ, ಹೋದ ವರ್ಷದ ಇದೇ ವಾರ, ಮಳಿ ಲೆಕ್ಕ ಮೂರೂ ಜೊತಿಗಿಟ್ಟು ನೋಡ್ರಿ.

ಸೇಡಂ, ಮಳಖೇಡ, ವಾಡಿ ಕಡೆಯವ್ರಿಗೆ ಒಂದು ಮಾತು ಬ್ಯಾರೆ ಹೇಳಬೇಕು. ಅಲ್ಲಿ ಸಿಮೆಂಟ್ ಫ್ಯಾಕ್ಟರಿ, ಖಣಿ ಅದಾವ. ಗಾಳ್ಯಾಗಿನ ಧೂಳಿನ ಪರಿಣಾಮ ಲೆವೆಲ್-2ಎ ಸುಮಾರು ತಗೀತದ, ಎಲಿ ಮ್ಯಾಗ ಕುಂತ ಧೂಳು ಮಾತ್ರ ಯಾವ ಕ್ಯಾಲಿಬ್ರೇಶನ್ನೂ ತಗ್ಯೂದಿಲ್ಲ, ಯಾಕಂದ್ರ ಅದು ಖರೇನೇ ಎಲಿ ಮ್ಯಾಗ ಅದ. ಅಂಥ ಹೊಲದಾಗ ಧೂಳು ಕುಂತ ಎಲಿ ಒಂದು, ನೀರಲೆ ತೊಳದು ಒಣಗಿಸಿದ ಎಲಿ ಒಂದು ಒಂದೇ ಗಿಡದ್ದು ಕ್ಯಾಮೆರಾ ಕೆಳಗ ಬೋರ್ಡ್ ಜೊತಿಗಿಟ್ಟು ಫೋಟೋ ತಗೀರಿ, ಎರಡರ ಫರಕ್ ಎಷ್ಟು ಅಂತ ಬರದಿಡ್ರಿ, ತಾರೀಖು, ಟೈಮ್, ಹಿಂದಿನ ಮಳಿ ಬಂದ ದಿನ ಇವೂ ಬರೀರಿ. ಫ್ಯಾಕ್ಟರಿಯಿಂದ ದೂರ ಹೋದಂಗ ಆ ಫರಕ್ ಕಡಿಮಿ ಆಗ್ತದೋ ಇಲ್ಲೋ ಅಂತ ನೋಡಕ ಊರಿಂದ ಊರಿಗೆ ಒಂದೊಂದು ಹೊಲ ಹಿಡದು ಇದನ್ನೇ ಮಾಡ್ರಿ.